ಚಿತ್ರಕೃಪೆ: ಅಂತರ್ಜಾಲ

ಕುವೆಂಪು ಕುರಿತ ಆನ್‌ಲೈನ್ ಉಪನ್ಯಾಸವೊಂದನ್ನು ಕೇಳುತ್ತಿದ್ದೆ. ‘ಜನ್ಮಸ್ಥಳ’ ಎಂಬ ಸ್ಲೈಡಿನಲ್ಲಿ ಕುಪ್ಪಳಿಯ ಕವಿಮನೆ ಬಂತು. ಕೆಳಗೆ ಸಣ್ಣಕ್ಷರದಲ್ಲಿ ‘ಚಿತ್ರಕೃಪೆ: ಅಂತರ್ಜಾಲ’. ಕುವೆಂಪು 1904ರ ಡಿಸೆಂಬರ್ 29ರಂದು ಹುಟ್ಟಿದ್ದು ಕೊಪ್ಪ ತಾಲೂಕಿನ ಹಿರೇಕೊಡಿಗೆಯಲ್ಲಿ, ತಾಯಿಯ ತವರಿನಲ್ಲಿ. ಕುಪ್ಪಳಿ ಇರುವುದು ತೀರ್ಥಹಳ್ಳಿ ತಾಲೂಕಿನಲ್ಲಿ. ಉಪನ್ಯಾಸಕರು ಬಾಯಲ್ಲಿ ಸರಿಯಾಗಿಯೇ ಹೇಳಿದರು; ಚಿತ್ರ ಮಾತ್ರ ಬೇರೆ ಹೇಳಿತು. ಕೇಳುಗರಲ್ಲಿ ಎಷ್ಟು ಜನಕ್ಕೆ ಚಿತ್ರವೇ ನೆನಪುಳಿಯಿತೋ.

ಅನುಮತಿ ಕೇಳುವುದನ್ನು ನಾವು ಕಾನೂನಿನ ಕಿರಿಕಿರಿ ಎಂದುಕೊಂಡಿದ್ದೇವೆ. ಆದರೆ ಕೇಳಬೇಕಾದರೆ ಮೊದಲು ತೆಗೆದವರು ಯಾರು, ಎಲ್ಲಿ, ಯಾವಾಗ ಎಂದು ಹುಡುಕಬೇಕು. ಹುಡುಕಿದ್ದರೆ ಈ ತಪ್ಪು ಅಲ್ಲೇ ಸಿಗುತ್ತಿತ್ತು.

ಶೃಂಗೇರಿಯ ವಿದ್ಯಾಶಂಕರ ದೇಗುಲಕ್ಕೆ ಹಕ್ಕುಸ್ವಾಮ್ಯವಿಲ್ಲ, ನಿಜ. ಹದಿನಾಲ್ಕನೆಯ ಶತಮಾನದ ಶಿಲ್ಪಿಯನ್ನು ಯಾರೂ ಕೇಳಬೇಕಿಲ್ಲ. ಆದರೆ ಅದರ ಕಲ್ಲಿನ ಸರಪಳಿಯ ಮೇಲೆ ಸಂಜೆಬಿಸಿಲು ಬೀಳುವವರೆಗೆ ಕಾದು ತೆಗೆದ ಫೋಟೋ ಬೇರೆಯದೇ ಕೃತಿ. ತೆಗೆದವರ ಜೀವಿತಾವಧಿ, ಆಮೇಲೆ ಅವರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಅದಕ್ಕೆ ಹಕ್ಕುಂಟು. ಮನೆಯ ಹಳೆಯ ಸ್ಟುಡಿಯೋ ಫೋಟೋದ ಲೆಕ್ಕ ಇನ್ನೂ ಸ್ವಾರಸ್ಯದ್ದು: ಹಣ ಕೊಟ್ಟು ತೆಗೆಸಿದ್ದಾದರೆ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, 1957ರ ಕಾಯ್ದೆಯ ಪ್ರಕಾರ ಹಕ್ಕು ತೆಗೆಸಿದವರದು.

ಪಾಠ ಮಾಡುವವರಿಗೂ ವಿಮರ್ಶಕರಿಗೂ ಅದೇ ಕಾಯ್ದೆಯ 52ನೇ ಕಲಮು ರಿಯಾಯಿತಿ ಕೊಟ್ಟಿದೆ. ನಾನು ಅದನ್ನು ಬಿಟ್ಟುಕೊಡಲಾರೆ. ಪ್ರತಿ ಸ್ಲೈಡಿಗೂ ಅಪ್ಪಣೆ ಕಾಯುತ್ತಾ ಕೂತರೆ ವಿಮರ್ಶೆ ಮುಗಿದಂತೆಯೇ. ಆದರೆ ಚಿತ್ರದ ಬಗ್ಗೆ ಒಂದು ಮಾತೂ ಆಡದೆ, ಅಡಕೆ ತೋಟದ ಹಸಿರನ್ನು ಹಿನ್ನೆಲೆಗೆ ಹಾಸಿ, ಅದರ ಮೇಲೆ ನಮ್ಮ ಅಕ್ಷರ ಕೂರಿಸಿದರೆ ಅದು ವಿಮರ್ಶೆಯಲ್ಲ, ಅಲಂಕಾರ. ತರಗತಿಯಲ್ಲಿ ತೋರಿಸಿದ್ದನ್ನೇ ಯೂಟ್ಯೂಬಿಗೆ ಏರಿಸಿದಾಗ ಆ ರಿಯಾಯಿತಿ ಜೊತೆಗೆ ಬರುತ್ತದೆಂಬ ಭರವಸೆಯೂ ಇಲ್ಲ. ವಿಕಿಮೀಡಿಯ ಕಾಮನ್ಸ್‌ನಲ್ಲಿ ಬಿಟ್ಟಿಯಾಗಿ ಸಿಗುವ ಬಹುಪಾಲು ಚಿತ್ರಗಳೂ ಕೇಳುವುದು ಇಷ್ಟೇ: ತೆಗೆದವರ ಹೆಸರು, ಪರವಾನಗಿಯ ಹೆಸರು. ಅದನ್ನೂ ಹಾಕದಷ್ಟು ಜಿಪುಣತನ ನಮಗೆಲ್ಲಿಂದ ಬಂತು? ಕವಿತೆಯ ಸಾಲಿನ ಕೆಳಗೆ ‘ಕೃಪೆ: ಗ್ರಂಥಾಲಯ’ ಎಂದು ಯಾರಾದರೂ ಬರೆದರೆ ನಗುತ್ತೇವೆ.

ನಗುವ ಹಕ್ಕು ನನಗೂ ಇಲ್ಲ. ಕಳೆದ ವಾರ ನನ್ನದೇ ಹಳೆಯ ಸ್ಲೈಡುಗಳನ್ನು ತೆರೆದೆ. ನರಸಿಂಹರಾಜಪುರದ್ದೆಂದು ಹಾಕಿದ್ದ ಹಳೆಯ ಪೇಟೆಬೀದಿಯೊಂದು ಯಾವ ಊರಿನದೆಂಬುದಕ್ಕೆ ನನ್ನಲ್ಲಿ ಆಧಾರವೇ ಇರಲಿಲ್ಲ. ಊರಿನ ಹಳೆಯ ಹೆಸರು ಎಡೇಹಳ್ಳಿ ಎಂದು ಹಾಕಿಯೂ ಹುಡುಕಿದೆ, ಸಿಗಲಿಲ್ಲ. ಒಂಬತ್ತು ಚಿತ್ರಗಳಲ್ಲಿ ಐದಕ್ಕೆ ತೆಗೆದವರ ಹೆಸರು ಸಿಕ್ಕಿತು. ಮೂವರು ಅಂದೇ ಒಪ್ಪಿಗೆ ಬರೆದರು. ಉಳಿದ ನಾಲ್ಕನ್ನು ಅಳಿಸಿದೆ. ಆ ಜಾಗದಲ್ಲಿ ಈಗ ಬರೀ ಊರಿನ ಹೆಸರಿದೆ.