ಸೊನ್ನೆಯಿಂದ ಭಾಗಿಸಿದ ಲೆಕ್ಕ: ದತ್ತಾಂಶ ವಿಜ್ಞಾನದ ವೃತ್ತಿಯನ್ನು ಕುರಿತ ಒಂದು ವಿಮರ್ಶೆ

ಹಾಸನ ತಾಲ್ಲೂಕಿನ ಕಟ್ಟಾಯ ಹೋಬಳಿಯ ಮನೆಗಳಲ್ಲಾಗಲಿ, ಸುತ್ತಲಿನ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಮನೆಗಳಲ್ಲಾಗಲಿ, ಮಕ್ಕಳ ಮುಂದಿನ ಓದಿನ ಮಾತು ಬಂದಾಗ ಕೆಲವು ವರ್ಷಗಳಿಂದ ಕೇಳಿಬರುವ ಹೆಸರುಗಳಲ್ಲಿ ದತ್ತಾಂಶ ವಿಜ್ಞಾನವೂ ಒಂದು. ೨೦೧೨ರ ಅಕ್ಟೋಬರಿನಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂ ಪತ್ರಿಕೆಯ ಲೇಖನವೊಂದು ಇದನ್ನು ಈ ಶತಮಾನದ ಅತ್ಯಂತ ಆಕರ್ಷಕ ಉದ್ಯೋಗವೆಂದು ಸಾರಿತು. ಹತ್ತು ವರ್ಷ ಕಳೆದು, ೨೦೨೨ರ ನವೆಂಬರ್ ೩೦ರಂದು ಚಾಟ್‌ಜಿಪಿಟಿ ಜನರ ಕೈಗೆ ಬಂದಿತು. ಅಂದಿನಿಂದ ಎರಡು ಅಭಿಪ್ರಾಯಗಳು ಬಲವಾಗಿ ಹರಡಿವೆ. ಯಂತ್ರವೇ ಎಲ್ಲವನ್ನೂ ಮಾಡುವಾಗ ಈ ಓದು ವ್ಯರ್ಥವೆಂಬುದು ಒಂದು. ಇದು ಬರಿಯ ಹೊಸ ಉಪಕರಣ, ಯಾರ ಅನ್ನಕ್ಕೂ ಕುತ್ತಿಲ್ಲವೆಂಬುದು ಇನ್ನೊಂದು. ಪರಿಶೀಲಿಸಿದರೆ ಎರಡೂ ಏಕಾಂತವಾದಗಳೇ.

ದತ್ತಾಂಶ ವಿಜ್ಞಾನವೆಂಬುದು ಒಂದೇ ಕೆಲಸವಲ್ಲ. ಅಂಕಿಅಂಶಗಳನ್ನು ಕಲೆಹಾಕುವುದು, ತಪ್ಪುಗಳನ್ನು ತೆಗೆದು ಶುದ್ಧಗೊಳಿಸುವುದು, ಕೋಷ್ಟಕ ನಕ್ಷೆಗಳನ್ನು ರಚಿಸುವುದು, ಗಣಿತದ ಮಾದರಿಯೊಂದನ್ನು ಕಟ್ಟಿ ಮುಂದಿನದನ್ನು ಅಂದಾಜಿಸುವುದು, ಕಡೆಗೆ ಅದನ್ನು ತೀರ್ಮಾನ ಕೈಗೊಳ್ಳುವವರಿಗೆ ವಿವರಿಸುವುದು ಎಂಬ ಹಲವು ಹಂತಗಳು ಅದರಲ್ಲಿವೆ. ಪೈಥಾನ್, ಎಸ್‌ಕ್ಯೂಎಲ್ ಮೊದಲಾದ ಗಣಕ ಭಾಷೆಗಳಲ್ಲಿ ಹೊಸಬರು ಇಡೀ ದಿನ ಕುಳಿತು ಬರೆಯುತ್ತಿದ್ದ ಆದೇಶಗಳನ್ನು ಇಂದು ಯಂತ್ರವು ಕ್ಷಣಮಾತ್ರದಲ್ಲಿ ಬರೆದುಕೊಡುತ್ತದೆ. ಆದಕಾರಣ ಮೊದಲ ಪೆಟ್ಟು ಬೀಳುವುದು ಹಿರಿಯರಿಗಲ್ಲ, ಆಗತಾನೇ ಪದವಿ ಪಡೆದು ಬೆಂಗಳೂರಿನ ಬಸ್ಸು ಹತ್ತುವವರಿಗೆ. ಉಪಕರಣವಷ್ಟೇ ಎನ್ನುವವರು ಕಾಣದೆ ಹೋಗುವುದು ಈ ಸಂಗತಿಯನ್ನು. ಓದು ವ್ಯರ್ಥವೆನ್ನುವವರು ಕಾಣದ ಸಂಗತಿಯೂ ಒಂದಿದೆ. ಯಂತ್ರವು ಉತ್ತರವನ್ನು ಕೊಡುತ್ತದೆ, ಉತ್ತರಕ್ಕೆ ಹೊಣೆಯಾಗುವುದಿಲ್ಲ.

ಇದಕ್ಕೆ ನಮ್ಮ ಗಣಿತದ ಪರಂಪರೆಯಲ್ಲಿಯೇ ಒಂದು ನಿದರ್ಶನವುಂಟು. ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ. ಶ. ೮೫೦ರಲ್ಲಿ, ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ'ವನ್ನು ರಚಿಸಿದರು. ೧೯೧೨ರಲ್ಲಿ ಎಂ. ರಂಗಾಚಾರ್ಯರು ಅದನ್ನು ಇಂಗ್ಲಿಷಿಗೆ ಅನುವಾದಿಸಿ ಪ್ರಕಟಿಸಿದ ಮೇಲೆ ಅದರ ಕೀರ್ತಿ ಹೊರದೇಶಗಳಿಗೂ ಹಬ್ಬಿತು. ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂದು ಆ ಕಾಲದಲ್ಲಿಯೇ ಗುರುತಿಸಿದ ಗ್ರಂಥವದು. ಆದರೆ ಅದೇ ಗ್ರಂಥದಲ್ಲಿ, ಸಂಖ್ಯೆಯೊಂದನ್ನು ಸೊನ್ನೆಯಿಂದ ಭಾಗಿಸಿದರೆ ಅದು ಮಾರ್ಪಾಡಿಲ್ಲದೆ ಉಳಿಯುತ್ತದೆ ಎಂಬ ಮಾತೂ ಇದೆ. ಇಂದಿನ ಗಣಿತಕ್ಕೆ ಅದು ಒಪ್ಪಿತವಲ್ಲ. ಇದನ್ನು ಹೇಳುವುದರಿಂದ ಆಚಾರ್ಯರ ಹಿರಿಮೆಗೆ ಕುಂದಿಲ್ಲ. ಅಷ್ಟು ದೊಡ್ಡವರ ಲೆಕ್ಕವನ್ನೂ ಪರೀಕ್ಷಿಸಿಯೇ ಸ್ವೀಕರಿಸಬೇಕೆಂಬುದು ಗಣಿತದ ಧರ್ಮ. ಅಂದಮೇಲೆ, ತಿಳಿದುದನ್ನೂ ತಿಳಿಯದುದನ್ನೂ ಒಂದೇ ಧೈರ್ಯದ ದನಿಯಲ್ಲಿ ನುಡಿಯುವ ಯಂತ್ರದ ಲೆಕ್ಕವನ್ನು ಪರೀಕ್ಷೆಯಿಲ್ಲದೆ ಒಪ್ಪುವುದು ಹೇಗೆ? ಪರೀಕ್ಷಿಸಬೇಕಾದರೆ ಪರೀಕ್ಷಿಸುವಷ್ಟು ಓದಿರಬೇಕು.

ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ೧೯೩೧ರಲ್ಲಿ ಸ್ಥಾಪಿಸಿದ ಪಿ. ಸಿ. ಮಹಾಲನೋಬಿಸ್ ಅವರು ೧೯೫೪ರಲ್ಲಿ ಸಂಖ್ಯಾಶಾಸ್ತ್ರದ ತಳಹದಿಯನ್ನು ಕುರಿತು ಬರೆದ ಪ್ರಬಂಧದಲ್ಲಿ ಸ್ಯಾದ್ವಾದದ ಸಪ್ತಭಂಗಿಯನ್ನು ಚರ್ಚಿಸಿದ್ದಾರೆ. ೧೯೫೭ರಲ್ಲಿ ಜೀವವಿಜ್ಞಾನಿ ಜೆ. ಬಿ. ಎಸ್. ಹಾಲ್ಡೇನ್ ಅವರೂ ಅದೇ ವಿಷಯವನ್ನು ಎತ್ತಿಕೊಂಡರು. ಇದನ್ನು ಮುಂದಿಟ್ಟುಕೊಂಡು, ಇಂದಿನ ಸಂಭವನೀಯತಾ ಗಣಿತವೆಲ್ಲವೂ ಪೂರ್ವಾಚಾರ್ಯರಲ್ಲಿಯೇ ಇತ್ತೆಂದು ಹೇಳಿದರೆ ಅದು ಅತಿಶಯೋಕ್ತಿಯಾಗುತ್ತದೆ. ಮಹಾಲನೋಬಿಸರು ಕಂಡದ್ದು ಭಾವದ ಸಾಮ್ಯವನ್ನು, ಸೂತ್ರಗಳನ್ನಲ್ಲ. ಆದರೆ ಆ ಸಾಮ್ಯ ಸಣ್ಣದೇನಲ್ಲ. 'ಸ್ಯಾತ್' ಎಂದರೆ ಸಂಶಯವೆಂದಲ್ಲ, ಯಾವ ದೃಷ್ಟಿಯಿಂದ ಈ ಮಾತು ನಿಜವೆಂಬ ಅರಿವು. ದತ್ತಾಂಶವನ್ನು ಓದುವವನಿಗೆ ಬೇಕಾದ ಮೊದಲ ಗುಣವೂ ಅದೇ: ಈ ಅಂಕಿ ಎಲ್ಲಿಯದು, ಯಾವ ಕಾಲದ್ದು, ಯಾರು ಎಣಿಸಿದರು, ಯಾರನ್ನು ಎಣಿಸದೆ ಬಿಟ್ಟರು?

ಈ ಪ್ರಶ್ನೆಗಳ ಬೆಲೆ ಹಾಸನದ ಹೊಲಗಳಲ್ಲಿ ತಿಳಿಯುತ್ತದೆ. ಇಲ್ಲಿಯ ರೈತರು ಪಂಜಾಬಿನ ಜಲಂಧರದಿಂದ ಬಂದ ಗೆಡ್ಡೆಯನ್ನು ಬಿತ್ತಿ ಮುಂಗಾರಿನಲ್ಲಿ ಆಲೂಗಡ್ಡೆ ಬೆಳೆಯುತ್ತಾರೆ. ಪಂಜಾಬಿನಲ್ಲಾದರೋ ಅದು ಚಳಿಗಾಲದ ಬೆಳೆ. ಗೆಡ್ಡೆ ಒಂದೇ ಊರಿನದಾದರೂ ಮಳೆ ಬೇರೆ, ಮಣ್ಣು ಬೇರೆ. ಮೋಡ ಕವಿದ ತೇವದ ದಿನಗಳಲ್ಲಿ ಅಂಗಮಾರಿ ರೋಗ ಹರಡುವ ವೇಗವೂ ಬೇರೆ. ಪಂಜಾಬಿನ ಅಂಕಿಗಳಿಂದ ಕಲಿತ ಮಾದರಿಯು ಕಟ್ಟಾಯದ ರೈತನಿಗೆ ಸಲಹೆ ನೀಡಿದರೆ, ಲೆಕ್ಕ ಸರಿಯಿದ್ದೂ ಬೆಳೆ ಹೋದೀತು. ಆ ವ್ಯತ್ಯಾಸವನ್ನು ಹಿಡಿಯಬಲ್ಲವನು ಗಣಿತವನ್ನೂ ಕಲಿತು ಹೊಲದ ಬದುವಿನ ಮೇಲೂ ನಡೆದಾಡಿದ ಹುಡುಗ.

ಶ್ರವಣಬೆಳಗೊಳದ ಶಾಸನಗಳ ಕಥೆಯೂ ಇದನ್ನೇ ಹೇಳುತ್ತದೆ. ಬಿ. ಎಲ್. ರೈಸರು ೧೮೮೯ರಲ್ಲಿ ಪ್ರಕಟಿಸಿದ ಸಂಪುಟದಲ್ಲಿದ್ದ ಶಾಸನಗಳು ೧೪೪. ಆರ್. ನರಸಿಂಹಾಚಾರ್ಯರ ೧೯೨೩ರ ಪರಿಷ್ಕರಣದಲ್ಲಿ ಅವು ೫೦೦ ಆದವು. ಮೈಸೂರಿನ ಕನ್ನಡ ಅಧ್ಯಯನ ಸಂಸ್ಥೆಯ ೧೯೭೩ರ ಆವೃತ್ತಿಯಲ್ಲಿ ೫೭೩. ಹೆಚ್ಚಿದುದು ಕಲ್ಲಲ್ಲ, ಕಣ್ಣು. ಬೆಟ್ಟವನ್ನು ಮತ್ತೆ ಹತ್ತಿ ಬಂಡೆಬಂಡೆಯನ್ನೂ ನೋಡಿದವರಿಂದ ಅದು ಸಾಧ್ಯವಾಯಿತು. ಮೊದಲ ಸಂಪುಟವನ್ನಷ್ಟೇ ಓದಿದ ಯಂತ್ರಕ್ಕೆ ಉಳಿದ ಶಾಸನಗಳು ಇಲ್ಲವೆಂದೇ ಲೆಕ್ಕ.

ಇಲ್ಲಿಗೆ ನಿಜವಾದ ಆತಂಕವು ಎದುರಾಗುತ್ತದೆ. ಪರೀಕ್ಷಿಸುವ ವಿವೇಕವು ಹುಟ್ಟುವುದು ಚಿಕ್ಕ ಕೆಲಸಗಳನ್ನು ಮಾಡಿ ತಪ್ಪಿ ತಿದ್ದಿಕೊಂಡಾಗ. ಆ ಚಿಕ್ಕ ಕೆಲಸಗಳನ್ನೆಲ್ಲ ಯಂತ್ರಕ್ಕೆ ಒಪ್ಪಿಸಿ, ಹೊಸಬರನ್ನು ತೆಗೆದುಕೊಳ್ಳುವುದನ್ನೇ ನಿಲ್ಲಿಸಿದರೆ, ಇಂದು ಉಳಿತಾಯವಾದೀತು. ಇಪ್ಪತ್ತು ವರ್ಷದ ಮೇಲೆ ಯಂತ್ರವನ್ನು ತಿದ್ದುವ ಹಿರಿಯರು ಎಲ್ಲಿಂದ ಬರುವರು? ಏಣಿಯ ಕೆಳಗಿನ ಮೆಟ್ಟಿಲನ್ನು ಮುರಿದವರು ಮೇಲಿನ ಮೆಟ್ಟಿಲನ್ನು ಯಾರಿಗಾಗಿ ಇಟ್ಟುಕೊಳ್ಳುವರು? ಈ ಲೆಕ್ಕವನ್ನು ಉದ್ಯಮಗಳು ತಾವಾಗಿ ಮಾಡುವುವೆಂದು ನಂಬಿ ಕೂರಲಾಗದು.

ಆದುದರಿಂದ ವಿದ್ಯಾರ್ಥಿವೇತನ ನೀಡುವ ಬಸದಿಗಳ ಟ್ರಸ್ಟುಗಳೂ ತಂದೆತಾಯಿಗಳೂ ಕೇಳಬೇಕಾದ ಪ್ರಶ್ನೆ ಬದಲಾಗಬೇಕು. ಯಾವ ಕೋರ್ಸಿಗೆ ಬೇಗ ಕೆಲಸ ಸಿಕ್ಕೀತು ಎಂಬುದಕ್ಕಿಂತ, ಯಾವ ಓದು ಸುಳ್ಳು ಲೆಕ್ಕವನ್ನು ಗುರುತಿಸಲು ಕಲಿಸುತ್ತದೆ ಎಂಬುದು ಮುಖ್ಯ. ಆರು ತಿಂಗಳಲ್ಲಿ ಗಣಕ ಭಾಷೆಯನ್ನಷ್ಟೇ ಕಲಿಸುವ ತರಗತಿಗೆ ಕೊಟ್ಟ ಹಣಕ್ಕಿಂತ, ಸಂಖ್ಯಾಶಾಸ್ತ್ರದ ಗಟ್ಟಿ ಬುನಾದಿಗೂ ಕೃಷಿ, ಆರೋಗ್ಯ, ಶಾಸನಗಳಂಥ ಒಂದು ಕ್ಷೇತ್ರದ ಒಳ ಅರಿವಿಗೂ ಕೊಟ್ಟ ಹಣ ಹೆಚ್ಚು ಕಾಲ ಫಲಿಸುತ್ತದೆ. ಟ್ರಸ್ಟುಗಳು ತಮ್ಮಲ್ಲಿರುವ ಹಸ್ತಪ್ರತಿ, ಕಡತ, ದಾನಪಟ್ಟಿಗಳನ್ನು ಕ್ರಮಗೊಳಿಸುವ ಕೆಲಸವನ್ನು ಇಂಥ ಮಕ್ಕಳಿಗೆ ಸಂಬಳ ಕೊಟ್ಟು ಮಾಡಿಸಿದರೆ, ಮುರಿದ ಮೆಟ್ಟಿಲಿನ ಜಾಗದಲ್ಲಿ ಒಂದು ಮೆಟ್ಟಿಲಾದರೂ ನಿಂತೀತು.

ಅಚೌರ್ಯಾಣುವ್ರತವು ವ್ಯಾಪಾರದ ತಕ್ಕಡಿಗೆ ಅನ್ವಯಿಸುವಂತೆಯೇ ಅಂಕಿಗಳ ತಕ್ಕಡಿಗೂ ಅನ್ವಯಿಸುತ್ತದೆ. ತೂಗುವುದು ಯಂತ್ರವೇ ಆದರೂ, ತೂಕ ತಪ್ಪಿದರೆ ದೋಷ ಅಂಗಡಿಯವನದೇ.