ಬಾಗಿಲಿಗೆ ಬಿಗಿದ ಹೆಣ

'ಮಧ್ಯಪ್ರವೇಶ' ಅಂತಾರೆ. ಯಾರ್ಯಾರ ಮಧ್ಯೆ ಸ್ವಾಮಿ? 1915ರಲ್ಲಿ ಅಮೆರಿಕದ ದಂಡು ಹೈತಿಗೆ ನುಗ್ಗಿತು, ತೊಲಗಿದ್ದು 1934ರಲ್ಲಿ. ಆ ದೇಶಕ್ಕೆ ರಸ್ತೆ ಕೊಟ್ಟೆವು ಅಂತ ಅವರ ಪುಸ್ತಕಗಳು ಹೊಗಳಿಕೊಳ್ಳುತ್ತವೆ. ಕಡಿದವರು ಯಾರು? 1864ರ ಹಳೇ ಕಾನೂನು ಕೆದಕಿ, ರೈತರನ್ನು ಹಗ್ಗದಲ್ಲಿ ಕಟ್ಟಿ ಬಿಟ್ಟಿ ದುಡಿಸಿದರು. ಗುಲಾಮಗಿರಿ ಕಿತ್ತೊಗೆದು 1804ರಲ್ಲೇ ಸ್ವತಂತ್ರರಾದ ಕರಿಯರಿಗೆ ಮತ್ತೆ ಬಿಟ್ಟಿ!

ಜನ ತಿರುಗಿಬಿದ್ದರು. ಮುಂದಾಳು ಶಾರ್ಲಮೇನ್ ಪೆರಾಲ್ಟ್. 1919ರಲ್ಲಿ ಬಿಳಿ ಸಿಪಾಯಿಗಳು ಮುಖಕ್ಕೆ ಮಸಿ ಬಳಿದುಕೊಂಡು ಹೋಗಿ ಅವನನ್ನು ಕೊಂದರು. (ಕೊಲ್ಲೋದಕ್ಕೆ ಮಾತ್ರ ಕಪ್ಪು ಬಣ್ಣ ಬೇಕಾಯ್ತು ನೋಡಿ.) ಹೆಣವನ್ನು ಬಾಗಿಲಿಗೆ ಬಿಗಿದು, ಫೋಟೊ ತೆಗೆದು ಹಂಚಿದರು, ಜನ ಹೆದರಲಿ ಅಂತ. ಜನ ಅದರಲ್ಲಿ ಶಿಲುಬೆಯ ಯೇಸುವನ್ನು ಕಂಡರು. ಹೈತಿಯ ಕಲಾವಿದ ಫಿಲೋಮೆ ಓಬಿನ್ ಬರೆದ ಚಿತ್ರದಲ್ಲೂ ಪೆರಾಲ್ಟ್ ಶಿಲುಬೆಗೇರಿದವನೇ. ನಾವು ಚರಿತ್ರೆಯ ಪುಸ್ತಕಕ್ಕಿಂತ ಈ ಚಿತ್ರವನ್ನೇ ನಂಬುತ್ತೇವೆ.