ತಮಟೆಗೂ ಒಂದು ತನಿ

ಶಿಡ್ಲಘಟ್ಟದ ಕಡೆ ಊರಹಬ್ಬದ ಮೆರವಣಿಗೆ ಹೊರಡುವ ಮುಂಚೆ ಗಲ್ಲಿಯ ಮೂಲೆಯಲ್ಲಿ ಸಣ್ಣದೊಂದು ಬೆಂಕಿ ಹಾಕುತ್ತಾರೆ. ಉರಿಗೆ ಒಣಹುಲ್ಲು, ತೋಟದಿಂದ ತಂದ ಹಿಪ್ಪುನೇರಳೆ ಕಡ್ಡಿ, ಹಳೇ ಪೇಪರು. ತಮಟೆಯವರು ಸುತ್ತ ನಿಂತು ಚರ್ಮದ ಮುಖವನ್ನು ಕಾವಿಗೆ ಒಡ್ಡುತ್ತಾರೆ, ತಿರುಗಿಸುತ್ತಾರೆ, ಒಂದೇಟು ಹಾಕಿ ಕಿವಿಗೊಡುತ್ತಾರೆ, ಮತ್ತೆ ಒಡ್ಡುತ್ತಾರೆ. ಸಂಜೆಯ ತೇವಕ್ಕೆ ಸಡಿಲಾಗಿದ್ದ ಚರ್ಮ ನಿಧಾನವಾಗಿ ಬಿಗಿಯುತ್ತದೆ. ‘ದೊಬ್’ ಎನ್ನುತ್ತಿದ್ದದ್ದು ‘ಟಣ್’ ಎನ್ನತೊಡಗುತ್ತದೆ. ಕಾವು ಹೆಚ್ಚಾದರೆ ಚರ್ಮ ಬಿರಿಯುತ್ತದೆ, ಕಡಿಮೆಯಾದರೆ ಸದ್ದು ಬೀದಿಯ ತುದಿಯನ್ನೂ ಮುಟ್ಟುವುದಿಲ್ಲ. ಎಲ್ಲಿ ನಿಲ್ಲಿಸಬೇಕೆಂಬುದು ಕಿವಿಗೂ ಅಂಗೈಗೂ ಮಾತ್ರ ಗೊತ್ತು. ಲಯದ ರುಚಿ ಹತ್ತಿದವರು ಮೆರವಣಿಗೆಗೆ ಅರ್ಧ ಗಂಟೆ ಮೊದಲೇ ಬಂದು ಇದನ್ನು ನೋಡಬೇಕು. ಮೃದಂಗದ ಮುಚ್ಚಿಗೆಗೆ ಕಲ್ಲಿನಿಂದ ತಟ್ಟಿ ಶ್ರುತಿ ಸೇರಿಸುವುದನ್ನು ಭಕ್ತಿಯಿಂದ ನೋಡುವ ರಸಿಕರು ಇದನ್ನು ದಾಟಿಕೊಂಡು ಹೋಗುವುದು ಸರಿಯಲ್ಲ.

2023ರ ಜನವರಿ 25ರಂದು ಪದ್ಮ ಪ್ರಶಸ್ತಿಗಳ ಪಟ್ಟಿ ಹೊರಬಿತ್ತು. ಕರ್ನಾಟಕದ ಪಾಲಿನಲ್ಲಿ ಎಸ್.ಎಂ. ಕೃಷ್ಣ, ಎಸ್.ಎಲ್. ಭೈರಪ್ಪ, ಸುಧಾ ಮೂರ್ತಿ ಅವರಂಥ ಎಲ್ಲರೂ ಬಲ್ಲ ಹೆಸರುಗಳಿದ್ದವು. ಪದ್ಮಶ್ರೀ ಸಾಲಿನಲ್ಲಿ ಇನ್ನೊಂದು ಹೆಸರಿತ್ತು: ಶಿಡ್ಲಘಟ್ಟ ತಾಲ್ಲೂಕಿನ ಪಿಂಡಿಪಾಪನಹಳ್ಳಿಯ ತಮಟೆ ಕಲಾವಿದ ಮುನಿವೆಂಕಟಪ್ಪ. ಹದಿಹರೆಯದಲ್ಲಿ ಹೆಗಲಿಗೇರಿದ ತಮಟೆಯನ್ನು ಎಪ್ಪತ್ತು ದಾಟಿದರೂ ಇಳಿಸದ ಮನುಷ್ಯ. ಅವರ ವಾದ್ಯ ಕೇಳಿದ್ದ ಹಳ್ಳಿಗಳವರಿಗೆ ಹೆಮ್ಮೆ, ಕೇಳಿರದ ಪೇಟೆಯವರಿಗೆ ಬೆರಗು. ಆ ಬೆರಗಿನೊಳಗೇ ಒಂದು ಪ್ರಶ್ನೆಯಿದೆ. ಇಷ್ಟು ವರ್ಷ ಜಾತ್ರೆಯಲ್ಲಿ, ಕರಗದಲ್ಲಿ, ಗಣಪತಿ ಮೆರವಣಿಗೆಯಲ್ಲಿ ತಮಟೆ ಕೇಳುತ್ತಲೇ ಬಂದವರಲ್ಲಿ ಎಷ್ಟು ಜನರಿಗೆ ಬಾರಿಸುವವನ ಹೆಸರು ಗೊತ್ತಿತ್ತು?

ವಾದ್ಯದ ಕಟ್ಟು ಸರಳ. ಮರದ ಅಥವಾ ಕಬ್ಬಿಣದ ಒಂದು ಬಳೆ, ಅದಕ್ಕೆ ಬಿಗಿದ ಒಂದೇ ಮುಖದ ಚರ್ಮ. ಬಲಗೈಯಲ್ಲಿ ಗಿಡ್ಡನೆಯ ದಪ್ಪ ಕೋಲು, ಎಡಗೈಯಲ್ಲಿ ಉದ್ದನೆಯ ತೆಳು ಕಡ್ಡಿ. ಎಡಗೈಗೆ ಎರಡು ಕೆಲಸ: ಬಳೆಯ ಅಂಚನ್ನು ಹಿಡಿದುಕೊಂಡೇ ಕಡ್ಡಿಯನ್ನು ಆಡಿಸಬೇಕು. ಹಾಗಾಗಿ ತೋಳು ಬೀಸಲು ಬರುವುದಿಲ್ಲ, ಇರುವುದೆಲ್ಲ ಮಣಿಕಟ್ಟಿನ ಚಳಕ. ದಪ್ಪ ಕೋಲು ನಡುವೆ ಬಿದ್ದರೆ ಎದೆಗೆ ತಾಗುವ ಗುಡುಗು, ತೆಳು ಕಡ್ಡಿ ಅಂಚಿಗೆ ಬಿದ್ದರೆ ಚಟಪಟ ಸಿಡಿತ. ಈ ಎರಡರ ನಡುವೆ, ಕೋಲು ಬೀಳುವ ಜಾಗವನ್ನು ಒಂದೊಂದು ಬೆರಳಿನಷ್ಟು ಸರಿಸುತ್ತ ಒಳ್ಳೆಯ ತಮಟೆಗಾರ ಎಷ್ಟೋ ಬಣ್ಣ ತೆಗೆಯುತ್ತಾನೆ. ಅದೂ ಕುಳಿತಲ್ಲ, ನಡೆಯುತ್ತ, ಕುಣಿಯುತ್ತ, ಬಾಗುತ್ತ.

ಗುಂಪಿನ ತಮಟೆಯಲ್ಲಿ ಒಬ್ಬನ ಒಂಟಿ ಆಟ, ಕಛೇರಿಯವರು ‘ತನಿ’ ಎನ್ನುವಂಥದ್ದು, ಹುಟ್ಟುವ ಬಗೆಯನ್ನು ಕೇಳಿಸಿಕೊಳ್ಳಬೇಕು. ಮೊದಲು ಎಲ್ಲರೂ ಒಂದೇ ಗತ್ತು, ಅಂದರೆ ಮರಳಿ ಮರಳಿ ಬರುವ ಏಟಿನ ಮಾದರಿಯೊಂದನ್ನು, ಹಿಡಿಯುತ್ತಾರೆ. ಅದು ಬೇರೂರಿದ ಮೇಲೆ ಮುಂದಿನವನು ಗುಂಪಿನಿಂದ ಕಳಚಿಕೊಳ್ಳುತ್ತಾನೆ. ಉಳಿದವರು ಗತ್ತು ಬಿಡುವಂತಿಲ್ಲ, ಅವನು ಅದರಲ್ಲಿ ಇರುವಂತಿಲ್ಲ. ನಾಲ್ಕರ ನಡೆಯ ಮೇಲೆ ಮೂರು ಮೂರಾಗಿ ಏಟು ಬೀಳತೊಡಗುತ್ತವೆ. ಒಂದೆರಡು ಸುತ್ತು ಹಾಗೆ ಹೋದರೆ ಕೇಳುವವರಿಗೆ ಎತ್ತುಗಡೆ ಎಲ್ಲಿತ್ತೆಂಬುದೇ ಮರೆಯುತ್ತದೆ. ಆಗ ಅವನು ಒಂದು ಏಟನ್ನು ನುಂಗುತ್ತಾನೆ. ಎಲ್ಲರೂ ಕಾದಿದ್ದ ಜಾಗದಲ್ಲಿ ಸದ್ದೇ ಇಲ್ಲ. ಮರುಕ್ಷಣ ಎರಡು ಕೋಲೂ ಒಟ್ಟಿಗೆ ಬಿದ್ದು ಗುಂಪಿನ ಗತ್ತಿನ ಮೊದಲ ಏಟಿಗೇ ಬಂದು ಕೂರುತ್ತವೆ.

ಕಛೇರಿಯ ರಸಿಕ ತಾಳವನ್ನು ತೊಡೆಯ ಮೇಲೆ ಹಾಕುತ್ತಾನೆ, ಜಾತ್ರೆಯ ರಸಿಕ ಕಾಲಲ್ಲಿ ಹಾಕುತ್ತಾನೆ. ತಮಟೆಗಾರನ ಎದುರು ಕುಣಿಯುವ ಹುಡುಗರ ಪಾದಗಳನ್ನು ಗಮನಿಸಿದರೆ ಲೆಕ್ಕ ಎಲ್ಲಿದೆಯೆಂದು ತಿಳಿಯುತ್ತದೆ. ನಡೆ ಬದಲಾದಾಗ ಆ ಪಾದಗಳು ಒಂದು ಗಳಿಗೆ ತಡವರಿಸುತ್ತವೆ, ಏಟು ನುಂಗಿದಾಗ ಗಾಳಿಯಲ್ಲೇ ನಿಲ್ಲುತ್ತವೆ, ಮುಕ್ತಾಯಕ್ಕೆ ಎಲ್ಲವೂ ಒಟ್ಟಿಗೆ ನೆಲಕ್ಕೆ ಬೀಳುತ್ತವೆ. ಶಿಳ್ಳೆ ಬೀಳುವುದು ಆಗಲೇ, ಅದಕ್ಕೆ ಮೊದಲಲ್ಲ. ಲಯಶಾಸ್ತ್ರದ ಒಂದು ಪುಟವನ್ನೂ ಓದದ ಜನ ಸರಿಯಾದ ಜಾಗಕ್ಕೇ ಶಿಳ್ಳೆ ಹಾಕುತ್ತಾರೆಂದರೆ ಅದು ಕೇಳ್ಮೆಯಲ್ಲದೆ ಮತ್ತೇನು?

ಇದೇ ಬಗೆಯ ಕೇಳ್ಮೆ ದೂರದ ರಾಕ್ ಸಂಗೀತದಲ್ಲೂ ಇದೆ. ಕೆನಡಾದ ರಶ್ ತಂಡದ ಡ್ರಮ್ಮರ್ ನೀಲ್ ಪಿಯರ್ಟ್ 2020ರ ಜನವರಿಯಲ್ಲಿ ತೀರಿಕೊಂಡರು. ಪ್ರೋಗ್ರೆಸಿವ್ ರಾಕ್ ಪ್ರಿಯರು ಇಂದಿಗೂ ಅವರ ಒಂಟಿ ವಾದನಗಳನ್ನು ಪ್ರವಾಸ ಪ್ರವಾಸವಾಗಿ ಬಿಡಿಸಿ ಹೇಳುತ್ತಾರೆ. ಸುತ್ತಲೂ ಹತ್ತಾರು ಡ್ರಮ್ಮುಗಳು, ತಾಳದ ತಟ್ಟೆಗಳು. ವಾದನದ ನಡುವೆ ಆ ಪೀಠವೇ ತಿರುಗುತ್ತಿತ್ತು. 2002ರ ನವೆಂಬರಿನಲ್ಲಿ ರಿಯೊ ಡಿ ಜನೈರೊದ ಮರಕಾನಾ ಕ್ರೀಡಾಂಗಣದಲ್ಲಿ ಅವರು ನುಡಿಸಿದ ಸುಮಾರು ಒಂಬತ್ತು ನಿಮಿಷದ ಒಂಟಿ ವಾದನ ‘ಓ ಬತೆರಿಸ್ತಾ’ ಎಂಬ ಹೆಸರಿನಲ್ಲಿ ಧ್ವನಿಮುದ್ರಣವಾಗಿ ಬಂತು, ಗ್ರ್ಯಾಮಿಗೆ ನಾಮನಿರ್ದೇಶನವೂ ಆಯಿತು. ಒಂದು ರಾತ್ರಿಯ ತನಿಗೆ ಹೆಸರು, ತಾರೀಖು, ಊರು, ದಾಖಲೆ ಎಲ್ಲವೂ ಸಿಕ್ಕಿತು.

ರಶ್ ತಂಡದ ಇನ್ನೊಂದು ರಚನೆಯನ್ನು ನಮ್ಮ ಲಯದವರು ಕೈಯಲ್ಲಿ ತಾಳ ಹಾಕಿಯೇ ಕೇಳಬೇಕು. 1981ರ ‘ಮೂವಿಂಗ್ ಪಿಕ್ಚರ್ಸ್’ ಸಂಪುಟದ ‘ವೈ ವೈ ಝಡ್’. ಅದು ಟೊರಾಂಟೊ ವಿಮಾನ ನಿಲ್ದಾಣದ ಸಂಕೇತ. ಆ ಮೂರು ಅಕ್ಷರಗಳನ್ನು ಮೋರ್ಸ್ ತಂತಿ ಭಾಷೆಯಲ್ಲಿ ಕಳಿಸಿದರೆ ಬರುವ ಉದ್ದ ಗಿಡ್ಡ ಸದ್ದುಗಳೇ ರಚನೆಯ ಆರಂಭದ ಲಯ. ಉದ್ದಕ್ಕೆ ಎರಡು ಮಾತ್ರೆ, ಗಿಡ್ಡಕ್ಕೆ ಒಂದು ಎಂದು ಇಟ್ಟುಕೊಂಡು ಎಣಿಸಿದರೆ ‘ವೈ’ಗೆ ಏಳು, ಇನ್ನೊಂದು ‘ವೈ’ಗೆ ಏಳು, ‘ಝಡ್’ಗೆ ಆರು. ಬಾಯಲ್ಲಿ ಹೇಳಿದರೆ: ತಕಿಟ ತಕಧಿಮಿ, ತಕಿಟ ತಕಧಿಮಿ, ತಕಧಿಮಿ ತಕ. ಒಟ್ಟು ಇಪ್ಪತ್ತು, ಅಂದರೆ ಖಂಡದ ಐದು ನಾಲ್ಕು ಸಲ. ಕರ್ನಾಟಕ ಸಂಗೀತದ ವಿದ್ಯಾರ್ಥಿಗೆ ಇದು ಪರಕೀಯವೇ ಅಲ್ಲ. ಬೆಂಗಳೂರಿನ ಮೃದಂಗ ವಿದ್ವಾನ್ ಬಿ.ಸಿ. ಮಂಜುನಾಥ್ ಫಿಬೊನಾಚಿ ಸಂಖ್ಯೆಗಳನ್ನು ಬಾಯಲ್ಲಿ ಲಯ ನುಡಿಯುವ ಕೊನ್ನಕ್ಕೋಲಿನಲ್ಲಿ ಹೇಳಿದ್ದನ್ನು ಹೊರದೇಶದ ಡ್ರಮ್ಮರುಗಳು ಬೆರಗಾಗಿ ಕೇಳಿದ್ದೂ ಇದೇ ದಾರಿಯ ಎದುರು ತುದಿಯಿಂದ.

ಈ ಎರಡು ಲೋಕಗಳು ಬೆಂಗಳೂರಿನಲ್ಲಿ ಬಹಳ ಹಿಂದೆಯೇ ಕೈಜೋಡಿಸಿವೆ. ಟಿ.ಎ.ಎಸ್. ಮಣಿ 1964ರಲ್ಲಿ ಕಟ್ಟಿದ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್, ಎಪ್ಪತ್ತರ ದಶಕದ ಕೊನೆಗೆ ಬಸ್ಸಿನಲ್ಲಿ ಭಾರತಕ್ಕೆ ಬಂದ ಜರ್ಮನಿಯ ಎಂಬ್ರಿಯೊ ರಾಕ್ ತಂಡದ ಜೊತೆ ನುಡಿಸಿತು. ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮಾರಿಯಾನೊ ಜೊತೆಗಿನ ‘ಜ್ಯೋತಿ’ 1983ರಲ್ಲಿ ಇಸಿಎಂ ಕಂಪನಿಯಿಂದ ಬಂತು, ಆರ್.ಎ. ರಮಾಮಣಿಯವರ ಗಾಯನ ಅದರ ಜೀವ. ಈಗಿನ ಹುಡುಗರಿಗೆ ಅಗಂ ತಂಡದ ಕರ್ನಾಟಕ ರಾಕ್ ಗೊತ್ತಿದೆ. 2007ರ ಮಾರ್ಚಿನಲ್ಲಿ ಐರನ್ ಮೇಡನ್, 2011ರ ಅಕ್ಟೋಬರಿನಲ್ಲಿ ಮೆಟಾಲಿಕಾ ಅರಮನೆ ಮೈದಾನಕ್ಕೆ ಬಂದಾಗ ಸೇರಿದ ಜನಸಾಗರವೂ ನೆನಪಿದೆ. ಆ ಮೈದಾನದ ಮುಂದಿನ ಬಳ್ಳಾರಿ ರಸ್ತೆಯಲ್ಲೇ ನೇರವಾಗಿ ಬಂದರೆ ಚಿಕ್ಕಬಳ್ಳಾಪುರ. ಅರವತ್ತು ಕಿಲೊಮೀಟರಿನ ಆಸುಪಾಸು. ಆದರೆ ತಮಟೆಯನ್ನು ಕೇಳಲೆಂದೇ ಆ ದಾರಿಯಲ್ಲಿ ಈ ಕಡೆಗೆ ಬಂದ ಸಂಗೀತಪ್ರಿಯರು ಕಡಿಮೆ.

ಕಾರಣ ಸಂಗೀತದೊಳಗಿಲ್ಲ, ಜಾತಿಯಲ್ಲಿದೆ. ತಮಟೆ ಬಡಿಯುವುದು ದಲಿತರ ಮೇಲೆ ಹೇರಿದ ಬಿಟ್ಟಿ ಚಾಕರಿಯಾಗಿತ್ತು. ಹೆಣದ ಮುಂದೆ, ದೇವರ ಮುಂದೆ, ಊರಿಗೆ ಸಾರು ಹಾಕುವಾಗ ಕರೆದ ಕಡೆ ಹೋಗಬೇಕು. ದೇವರ ಮುಂದೆ ಬಡಿದವನು ಗುಡಿಯ ಹೊರಗೇ ನಿಲ್ಲಬೇಕು. ಆ ಅವಮಾನ ಸಾಕೆಂದು ಎಷ್ಟೋ ಮಂದಿ ತಮಟೆಯನ್ನು ಕೆಳಗಿಟ್ಟರು. ಅದು ಅವರ ಹಕ್ಕು, ಅದನ್ನು ಪ್ರಶ್ನಿಸುವ ಅಧಿಕಾರ ಯಾವ ರಸಿಕನಿಗೂ ಇಲ್ಲ. ಅದೇ ತಮಟೆಯನ್ನು ಎಪ್ಪತ್ತರ ದಶಕದಿಂದ ದಲಿತ ಚಳವಳಿ ಹೋರಾಟದ ಹಾಡುಗಳ ಜೊತೆಗೆ ಎತ್ತಿಕೊಂಡಿತು. ಕೋಲಾರದ ಬೆಟ್ಟದ ಮೇಲೆ ಕೋಟಿಗಾನಹಳ್ಳಿ ರಾಮಯ್ಯ ಮತ್ತು ಗೆಳೆಯರು ಕಟ್ಟಿದ ಆದಿಮ ಸಾಂಸ್ಕೃತಿಕ ಕೇಂದ್ರದ ಹುಣ್ಣಿಮೆ ಹಾಡಿನಲ್ಲಿ ತಮಟೆ ಯಾರ ಅಪ್ಪಣೆಗೂ ಕಾಯದೆ ನುಡಿಯಿತು. ಗಡಿಯಾಚೆ ತಮಿಳುನಾಡಿನಲ್ಲೂ ಪರೈ ವಾದ್ಯದ ಕಥೆ ಇದೇ. ಮದುರೆಯ ಪರೈ ಗುರು ವೇಲು ಆಸಾನ್ ಅವರಿಗೆ 2025ರಲ್ಲಿ ಪದ್ಮಶ್ರೀ ಸಂದಿತು.

ಇಷ್ಟಾದರೂ ಊರಹಬ್ಬದ ಕರಪತ್ರ ತೆಗೆದು ನೋಡಿ. ಆರ್ಕೆಸ್ಟ್ರಾ ಗಾಯಕರ ಫೋಟೊ ಇರುತ್ತದೆ, ಶಾಮಿಯಾನ ಕೊಟ್ಟವರ ಹೆಸರಿರುತ್ತದೆ. ತಮಟೆಗೆ ಸಿಗುವುದು ‘ತಮಟೆ ವಾದ್ಯಗಳೊಂದಿಗೆ’ ಎಂಬ ಎರಡು ಪದ. ರಾಕ್ ಅಭಿಮಾನಿ ತನ್ನ ಡ್ರಮ್ಮರಿನ ಒಂದೊಂದು ರಾತ್ರಿಯನ್ನೂ ನೆನಪಿಟ್ಟಿರುತ್ತಾನೆ, ಕಛೇರಿಯ ರಸಿಕ ಪಾಲ್ಘಾಟ್ ಮಣಿ ಅಯ್ಯರ್ ಅವರ ತನಿಯನ್ನು ಮೊಮ್ಮಕ್ಕಳಿಗೂ ವರ್ಣಿಸುತ್ತಾನೆ. ತಮಟೆಯ ಅಭಿಮಾನಿ ಮೈಮರೆತು ಕುಣಿಯುತ್ತಾನೆ, ಜೇಬಿನಲ್ಲಿದ್ದ ನೋಟನ್ನು ಬಾರಿಸುವವನ ಅಂಗಿಗೆ ಸಿಕ್ಕಿಸುತ್ತಾನೆ, ಬೆಳಗಾದರೆ ಯಾರು ಬಾರಿಸಿದರೆಂಬುದನ್ನೇ ಮರೆಯುತ್ತಾನೆ. ಪ್ರೀತಿ ಇಲ್ಲಿ ಕಡಿಮೆಯಿಲ್ಲ, ನೆನಪು ಕಡಿಮೆ. ನೆನಪಿಲ್ಲದ ಕಡೆ ಹೋಲಿಕೆಯೂ ಬೆಳೆಯುವುದಿಲ್ಲ: ಈ ತಂಡದ ಗತ್ತು ಆ ತಂಡಕ್ಕಿಂತ ಹೇಗೆ ಬೇರೆ, ಹೊಸದನ್ನು ತಂದವರಾರು ಎಂಬ ಚರ್ಚೆಯೇ ಹುಟ್ಟುವುದಿಲ್ಲ.

ಕಸರತ್ತಿನ ಬಗ್ಗೆಯೂ ಒಂದು ಮಾತು. ಬಾರಿಸುತ್ತಲೇ ಹಿಂದಕ್ಕೆ ಬಾಗಿ ನೆಲದ ಮೇಲಿನ ನೋಟನ್ನು ಕಣ್ಣುರೆಪ್ಪೆಯಲ್ಲಿ ಎತ್ತುವುದು, ಒಬ್ಬರ ಹೆಗಲ ಮೇಲೊಬ್ಬರು ಹತ್ತಿ ನಿಲ್ಲುವುದು ಜನಕ್ಕೆ ಬಹಳ ಹಿಡಿಸುತ್ತವೆ. ಇದು ಸರ್ಕಸ್ಸು, ಸಂಗೀತವಲ್ಲ ಎಂದು ಮೂಗು ಮುರಿಯುವವರಿದ್ದಾರೆ. ಹಾಗೆ ಅನ್ನಬೇಕಿಲ್ಲ. ತಮಟೆಯಲ್ಲಿ ಮೈಯೂ ವಾದ್ಯದ ಭಾಗ. ಬಾಗಿದ ಬೆನ್ನಿನಲ್ಲಿ ಗತ್ತು ಒಂದಿಷ್ಟೂ ಹಿಂದೆ ಬೀಳದಿರುವುದೇ ಅಲ್ಲಿನ ಹೆಚ್ಚುಗಾರಿಕೆ. ಕಣ್ಣು ನೋಟಿನ ಮೇಲಿದ್ದರೂ ಕಿವಿ ಎಡಗೈಯ ತೆಳು ಕಡ್ಡಿಯ ಮೇಲಿರಲಿ. ಅದು ತಪ್ಪದೆ ನಡೆದಿದ್ದರೆ ಆತ ಪಳಗಿದವನು.

ಚರ್ಮದ ಬದಲು ಫೈಬರ್ ಹಾಳೆ ಹಾಕಿದ ತಮಟೆಗಳು ಈಗ ಎಲ್ಲೆಡೆ ಬಂದಿವೆ. ಮಳೆಗೆ ನೆನೆಯುವುದಿಲ್ಲ, ಕಾಯಿಸುವ ಗೋಜಿಲ್ಲ, ಡಿಜೆ ಪೆಟ್ಟಿಗೆಗಳ ಎದುರು ನಿಲ್ಲುವಷ್ಟು ಸದ್ದು. ದುಡಿಮೆಗೆ ಹೋಗುವವನಿಗೆ ಅದು ಅನುಕೂಲವೇ. ಆದರೆ ಒಂಟಿ ವಾದನಕ್ಕೆ ಫೈಬರ್ ಸಾಲದು. ಅಂಚಿನಿಂದ ನಡುವಿನ ತನಕ ಸದ್ದು ಹೆಚ್ಚುಕಡಿಮೆ ಒಂದೇ, ಕೋಲು ಸರಿಸಿದ್ದು ಕೇಳಿಸುವುದೇ ಇಲ್ಲ. ತನಿ ನುಡಿಸಲೆಂದು ಕರೆದವರು ಚರ್ಮದ ತಮಟೆಯನ್ನೇ ಕೇಳಬೇಕು, ಅದಕ್ಕೆ ತಕ್ಕ ಸಂಭಾವನೆಯನ್ನೂ ಕೊಡಬೇಕು.

ಹಾಗೆ ಕರೆಯುವ ಜಾಗಗಳು ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಬೇಕಾದಷ್ಟಿವೆ. ಚಿಂತಾಮಣಿ ತಾಲ್ಲೂಕಿನ ಕೈವಾರದಲ್ಲಿ ಗುರುಪೂರ್ಣಿಮೆಗೆ ಸಂತಕವಿ ತಾತಯ್ಯನವರ ಸನ್ನಿಧಿಯಲ್ಲಿ ಮೂರು ದಿನ ಅಹೋರಾತ್ರಿ ಸಂಗೀತ ನಡೆಯುತ್ತದೆ. ಒಬ್ಬರಾದ ಮೇಲೊಬ್ಬರು ವೇದಿಕೆ ಏರುವ ಆ ಉತ್ಸವದಲ್ಲಿ ತಮಟೆಯ ಒಂದು ತನಿಗೆ ಅರ್ಧ ಗಂಟೆ ದೊಡ್ಡದಲ್ಲ. ನಂದಿಯ ಭೋಗನಂದೀಶ್ವರನ ಶಿವರಾತ್ರಿ ಜಾತ್ರೆಗೆ ಸುತ್ತಲಿನ ತಂಡಗಳೇ ಸಾಕು. ಗೌರಿಬಿದನೂರಿನ ಹೊಸೂರಿನಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ವಿಜ್ಞಾನದ ಮೇಷ್ಟರಾಗಿಯೂ ಸಂಗೀತ ನಾಟಕಗಳಿಗೆ ತಮ್ಮ ಕಾಲೇಜಿನ ಬಾಗಿಲು ತೆರೆದವರು. ಬೆಂಗಳೂರಿನ ಜಯನಗರದಲ್ಲಿ ಅವರ ಹೆಸರಿನ ಕಲಾಕ್ಷೇತ್ರವಿದೆ. ಗೌರಿಬಿದನೂರಿನ ನ್ಯಾಷನಲ್ ಕಾಲೇಜಿನಲ್ಲಿ ಕುಳಿತು ಕೇಳುವ ಸಭೆಯ ಎದುರು, ಮೈಕಿನ ಅಬ್ಬರವಿಲ್ಲದೆ, ಒಬ್ಬ ತಮಟೆಗಾರನನ್ನು ನುಡಿಸಲು ಬಿಟ್ಟರೆ ವಿದ್ಯಾರ್ಥಿಗಳಿಗೆ ಮೂರು ನಾಲ್ಕರ ಲೆಕ್ಕ ಕಿವಿಯಿಂದಲೇ ತಿಳಿಯುತ್ತದೆ.

ಅದಾಗುವ ತನಕ ಅಭಿಮಾನಿಗಳ ಕೈಯಲ್ಲೇ ಇರುವ ಕೆಲಸವೊಂದಿದೆ. ಜಾತ್ರೆಯಲ್ಲಿ ಮೊಬೈಲ್ ಎತ್ತಿ ಚಿತ್ರೀಕರಿಸುವವರು ಇಪ್ಪತ್ತು ಸೆಕೆಂಡಿಗೆ ನಿಲ್ಲಿಸದೆ ಮುಕ್ತಾಯದವರೆಗೂ ಹಿಡಿಯಲಿ, ನಾಲ್ಕು ಹೆಜ್ಜೆ ಹಿಂದೆ ನಿಲ್ಲಲಿ. ತೀರಾ ಹತ್ತಿರ ಹೋದರೆ ದಪ್ಪ ಕೋಲಿನ ಸದ್ದು ಒಡೆದುಹೋಗಿ ತೆಳು ಕಡ್ಡಿಯ ಕೆಲಸ ಕೇಳುವುದಿಲ್ಲ. ಮೆರವಣಿಗೆ ನಿಂತಾಗ ಬಾರಿಸಿದವರ ಹತ್ತಿರ ಹೋಗಿ, ‘ಅಣ್ಣಾ, ನಿಮ್ಮ ಹೆಸರೇನು, ಯಾವೂರು, ಯಾರ ಹತ್ರ ಕಲಿತಿರಿ, ಇದನ್ನ ನಾಲ್ಕು ಜನಕ್ಕೆ ತೋರಿಸಬಹುದಾ’ ಎಂದು ಕೇಳಲಿ. ಒಪ್ಪಿದರೆ ಆ ಹೆಸರು, ಊರು, ಗುರು, ತಾರೀಖು ನಾಲ್ಕನ್ನೂ ಚಿತ್ರದ ಕೆಳಗೆ ಬರೆಯಲಿ.